ಆಫೀಸಿನ ಇಂಟರ್ನೆಟ್ ಫೋನ್ ಕೈಕೊಟ್ಟಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ದುಡಿಯುವವರು, ಕಾರವಾರ ಬಂದರಿನ ಆಸುಪಾಸಿನ ಸಣ್ಣ ಆಫೀಸುಗಳು, ಅಡಿಕೆ ವ್ಯಾಪಾರದವರು, ಗೋಕರ್ಣದ ಹೋಮ್‌ಸ್ಟೇಗಳು, ಎಲ್ಲರಿಗೂ ಈಗ ನೆಟ್ ಮೇಲಿನ ಫೋನೇ ಫೋನು. ಲ್ಯಾಪ್‌ಟಾಪ್‌ನಲ್ಲೋ ಮೊಬೈಲ್‌ನಲ್ಲೋ ಒಂದು ಆ್ಯಪ್, ತಲೆಗೊಂದು ಹೆಡ್‌ಸೆಟ್, ಅಷ್ಟೇ. ಸರಿ ಇರುವ ದಿನ ತುಂಬಾ ಸುಖ. ಕೆಟ್ಟ ದಿನ ಗಿರಾಕಿ ಆ ಕಡೆ "ಹಲೋ, ಹಲೋ" ಅನ್ನುತ್ತಿರುತ್ತಾರೆ, ಈ ಕಡೆ ನಮ್ಮ ಹೊಟ್ಟೆ ಉರಿಯುತ್ತಿರುತ್ತದೆ.

ನಾನು ಶಿರಸಿ ಸುತ್ತಮುತ್ತ ಇಂಥ ಆಫೀಸುಗಳ ಕಂಪ್ಯೂಟರ್, ನೆಟ್ ನೋಡಿಕೊಳ್ಳುತ್ತೇನೆ. ಘಟ್ಟ ಇಳಿದು ಕುಮಟಾ, ಅಂಕೋಲಾ, ಕಾರವಾರಕ್ಕೂ ಹೋಗುವುದಿದೆ. ಜನ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ಕಾಲ್ ಸರಿಯಾಗಿ ಬರುತ್ತಿಲ್ಲ. ಮೊದಲು ಏನು ಮಾಡಲಿ?

ಆ್ಯಪ್ ತೆಗೆದು ಮತ್ತೆ ಹಾಕಬೇಡಿ. ಎಲ್ಲರೂ ಮೊದಲು ಮಾಡುವುದು ಅದನ್ನೇ. ಹಾಗೆ ಮಾಡಿದರೆ ಇದ್ದ ಸೆಟ್ಟಿಂಗ್ ಎಲ್ಲ ಅಳಿಸಿ ಹೋಗಿ ಒಂದು ತೊಂದರೆ ಎರಡಾಗುತ್ತದೆ.

ನಿಮ್ಮ ಮಾತು ಹೋಗುವ ದಾರಿಯನ್ನು ಒಮ್ಮೆ ಯೋಚಿಸಿ. ಮೈಕಿನಿಂದ ಕಂಪ್ಯೂಟರಿಗೆ, ಅಲ್ಲಿಂದ ವೈಫೈ ಮೇಲೆ ರೂಟರಿಗೆ, ರೂಟರಿನಿಂದ ಫೈಬರ್ ಹಿಡಿದು ನೆಟ್ ಕೊಡುವವರ ಹತ್ತಿರ, ಅಲ್ಲಿಂದ ಫೋನ್ ಸರ್ವರಿಗೆ. ಇಷ್ಟು ತುಂಡುಗಳಲ್ಲಿ ಯಾವ ತುಂಡು ಕೆಟ್ಟಿದೆ ಎಂದು ಗೊತ್ತಾಗುವವರೆಗೆ ಏನನ್ನೂ ಬದಲಿಸಬಾರದು. ಗೊತ್ತು ಮಾಡಿಕೊಳ್ಳುವುದು ಕಷ್ಟ ಏನಲ್ಲ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಿ. ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟ್‌ಗೆ ಹಾಕಿ ಕಾಲ್ ಮಾಡಿ. ಸರಿಯಾಯಿತಾ? ಹಾಗಾದರೆ ಕಂಪ್ಯೂಟರ್, ಹೆಡ್‌ಸೆಟ್, ಆ್ಯಪ್ ಮೂರೂ ಚೆನ್ನಾಗಿವೆ, ತೊಂದರೆ ಇರುವುದು ವೈಫೈ, ರೂಟರ್ ಅಥವಾ ಲೈನಿನಲ್ಲಿ. ಹಾಟ್‌ಸ್ಪಾಟ್‌ನಲ್ಲೂ ಅದೇ ಗೋಳು ಅಂದರೆ ಹೆಡ್‌ಸೆಟ್ ಬದಲಿಸಿ, ಆಮೇಲೆ ಅದೇ ಲಾಗಿನ್ ಬೇರೆ ಮೊಬೈಲ್‌ನಲ್ಲಿ ಹಾಕಿ ನೋಡಿ. ಹತ್ತು ನಿಮಿಷದ ಕೆಲಸ. ಇದನ್ನು ಮಾಡದೆ ಯಾರಿಗೆ ಫೋನ್ ಮಾಡಿದರೂ ಅವರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ, ನೀವು ನಡುವೆ ಸಿಕ್ಕಿಕೊಳ್ಳುತ್ತೀರಿ.

ಹೊಸದಾಗಿ ಆ್ಯಪ್ ಹಾಕಿದ್ದೇನೆ. ಪಾಸ್‌ವರ್ಡ್ ಸರಿ ಇದೆ, ಆದರೂ ರಿಜಿಸ್ಟರ್ ಆಗುತ್ತಿಲ್ಲ.

ಪರದೆಯ ಮೇಲೆ ಬರುವ ನಂಬರ್ ನೋಡಿ, ಅದರಲ್ಲೇ ಅರ್ಧ ಉತ್ತರ ಇದೆ. 401 ಅಥವಾ 403 ಬಂದರೆ ನೀವು ಸರ್ವರ್ ತನಕ ತಲುಪಿದ್ದೀರಿ, ಅದು ನಿಮ್ಮನ್ನು ಒಳಗೆ ಬಿಡುತ್ತಿಲ್ಲ. ಅಂದರೆ ಹೆಸರು, ಪಾಸ್‌ವರ್ಡ್ ಅಥವಾ ಪರವಾನಗಿಯಲ್ಲಿ ತಪ್ಪಿದೆ. 408 ಬಂದರೆ ಉತ್ತರವೇ ಬಂದಿಲ್ಲ, ಅಂದರೆ ದಾರಿಯಲ್ಲೇ ಎಲ್ಲೋ ತಡೆ ಇದೆ, ಅಥವಾ ಸರ್ವರ್ ವಿಳಾಸವೇ ತಪ್ಪು.

403ಕ್ಕೆ ನಾನು ಜಾಸ್ತಿ ಕಂಡ ಕಾರಣ ಒಂದು ಖಾಲಿ ಜಾಗ. ವಾಟ್ಸ್ಆ್ಯಪ್‌ನಲ್ಲಿ ಬಂದ ಪಾಸ್‌ವರ್ಡ್ ಕಾಪಿ ಮಾಡುವಾಗ ಕೊನೆಗೆ ಒಂದು ಸ್ಪೇಸ್ ಅಂಟಿಕೊಂಡು ಬರುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ಕೈಯಲ್ಲೇ ಟೈಪ್ ಮಾಡಿ. ಇನ್ನೊಂದು, ಕೆಲವು ಕಡೆ ಎಕ್ಸ್‌ಟೆನ್ಶನ್ ನಂಬರ್ ಬೇರೆ, ಲಾಗಿನ್ ಐಡಿ ಬೇರೆ ಇರುತ್ತದೆ. ಎರಡೂ ಕಡೆ 201 ಎಂದೇ ಹಾಕಿ ಕೂತರೆ ಆಗುವುದಿಲ್ಲ, ಕೊಟ್ಟವರನ್ನು ಕೇಳಿ.

ಮತ್ತೆ ಮತ್ತೆ ತಪ್ಪು ಪಾಸ್‌ವರ್ಡ್ ಒತ್ತಬೇಡಿ. ಕಳ್ಳರ ಕಾಟಕ್ಕೆ ಹೆದರಿ ಬಹಳಷ್ಟು ಸರ್ವರ್‌ಗಳಲ್ಲಿ, ಐದಾರು ಸಲ ತಪ್ಪಾದರೆ ನಿಮ್ಮ ಆಫೀಸಿನ ಐಪಿ ವಿಳಾಸವನ್ನೇ (ನೆಟ್ ಮೇಲೆ ಆಫೀಸಿಗಿರುವ ನಂಬರ್) ಮುಚ್ಚಿಬಿಡುವ ವ್ಯವಸ್ಥೆ ಇರುತ್ತದೆ. ಆಗ ನಿಮ್ಮದಷ್ಟೇ ಅಲ್ಲ, ಪಕ್ಕದ ಮೇಜಿನವರ ಫೋನೂ ಸತ್ತುಹೋಗುತ್ತದೆ.

408 ಬಂದರೆ ಪೋರ್ಟ್, ಅಂದರೆ ಸರ್ವರಿನ ಬಾಗಿಲ ನಂಬರ್ ನೋಡಿ. ಸಿಪ್ (ನೆಟ್ ಮೇಲೆ ಕಾಲ್ ಕೂಡಿಸುವ ನಿಯಮ) ಬಳಸುವ ಫೋನ್‌ಗಳು ಸಾಮಾನ್ಯವಾಗಿ 5060ರಲ್ಲಿ ಮಾತಾಡುತ್ತವೆ, ಗುಟ್ಟಾಗಿ ಹೋಗುವ ಟಿಎಲ್‌ಎಸ್ ಆದರೆ 5061. ಸರ್ವರ್ ಒಂದರಲ್ಲಿ ಕಾಯುತ್ತಿದ್ದು ನೀವು ಇನ್ನೊಂದರಲ್ಲಿ ಬಾಗಿಲು ಬಡಿದರೆ ಯಾರು ತೆಗೆಯುತ್ತಾರೆ?

ಹಳೆಯ ಕಂಪ್ಯೂಟರ್ ಇರುವ ಆಫೀಸಿನವರಿಗೆ ಇನ್ನೊಂದು ಮಾತು. ಒಳಗಿನ ಚಿಕ್ಕ ಬ್ಯಾಟರಿ ಸತ್ತಿದ್ದರೆ, ಕರೆಂಟ್ ಹೋಗಿ ಬಂದಾಗ ಕಂಪ್ಯೂಟರಿನ ತಾರೀಖು ಹತ್ತು ವರ್ಷ ಹಿಂದೆ ಹೋಗಿರುತ್ತದೆ. ತಾರೀಖು ತಪ್ಪಿದ್ದರೆ ಟಿಎಲ್‌ಎಸ್ ಸರ್ಟಿಫಿಕೇಟ್ ಒಪ್ಪಿಗೆಯಾಗುವುದಿಲ್ಲ, ಲಾಗಿನ್ ಆಗುವುದಿಲ್ಲ. ಮೂಲೆಯ ಗಡಿಯಾರ ಒಮ್ಮೆ ನೋಡಿ ಮಾರಾಯ್ರೇ.

100 ಎಂಬಿಪಿಎಸ್ ಪ್ಲಾನ್ ಇದೆ. ಆದರೂ ಮಾತು ತುಂಡು ತುಂಡಾಗಿ ಕೇಳುತ್ತದೆ, ಯಾಕೆ?

ಯಾಕೆಂದರೆ ಮಾತಿಗೆ ಸ್ಪೀಡ್ ಅಷ್ಟು ಬೇಕಾಗಿಯೇ ಇಲ್ಲ. ಜಿ.711 ಎಂಬ ಹಳೆಯ, ಒಳ್ಳೆಯ ಧ್ವನಿಯ, ಮಾತನ್ನು ಡೇಟಾ ಮಾಡುವ ಕೋಡೆಕ್‌ನಲ್ಲಿ ಒಂದು ಕಾಲ್‌ಗೆ ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 87 ಕಿಲೋಬಿಟ್ ಸಾಕು. ಜಿ.729 ಆದರೆ ಸುಮಾರು 31. ಹತ್ತು ಜನ ಒಟ್ಟಿಗೆ ಮಾತಾಡಿದರೂ 1 ಎಂಬಿಪಿಎಸ್ ದಾಟುವುದಿಲ್ಲ. ಹೆಚ್ಚು ದುಡ್ಡು ಕೊಟ್ಟು ದೊಡ್ಡ ಪ್ಲಾನ್ ಹಾಕಿಸಿಕೊಂಡು, ಮಾತು ಆಗಲೂ ತುಂಡಾಗುತ್ತಿದೆ ಎಂದು ಬೇಸರ ಮಾಡಿಕೊಂಡವರನ್ನು ನಾನು ತುಂಬಾ ಜನರನ್ನು ಕಂಡಿದ್ದೇನೆ. ಅದಕ್ಕೇ ಇದನ್ನು ಒತ್ತಿ ಹೇಳುತ್ತೇನೆ.

ಮಾತಿಗೆ ಬೇಕಾದ್ದು ಹದ. ಮಾತನ್ನು ತುಂಡು ಮಾಡಿ ಕಳಿಸುವ ಪ್ಯಾಕೆಟ್‌ಗಳು ಒಂದೇ ಸಮನೆ ಬರಬೇಕು, ದಾರಿಯಲ್ಲಿ ಕಳೆದುಹೋಗಬಾರದು. ಸಿನಿಮಾ ನೋಡುವಾಗ ಎರಡು ಸೆಕೆಂಡ್ ತಡವಾದರೂ ಆ್ಯಪ್ ಮೊದಲೇ ತುಂಬಿಟ್ಟುಕೊಂಡದ್ದನ್ನು ತೋರಿಸುತ್ತದೆ. ಮಾತನ್ನು ಮೊದಲೇ ತುಂಬಿಡಲಿಕ್ಕೆ ಆಗುವುದಿಲ್ಲ ಅಲ್ವಾ? ಒಂದು ದಿಕ್ಕಿನ ತಡ 150 ಮಿಲಿಸೆಕೆಂಡ್ ಒಳಗಿದ್ದರೆ ಮಾತು ಸಹಜ. ಆ ತಡದ ಏರಿಳಿತಕ್ಕೆ ಜಿಟ್ಟರ್ ಅನ್ನುತ್ತಾರೆ, ಅದು 30ರ ಒಳಗಿರಲಿ. ಕಳೆದುಹೋಗುವ ಪ್ಯಾಕೆಟ್ ನೂರಕ್ಕೆ ಒಂದಕ್ಕಿಂತ ಕಡಿಮೆ ಇರಲಿ.

ನೋಡುವುದು ಹೇಗೆ? ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಮೊದಲು ನಿಮ್ಮ ರೂಟರಿಗೇ ನೂರು ಸಲ ಪಿಂಗ್ ಮಾಡಿ, ಅಂದರೆ ಹೋಗಿ ಬರಲು ಎಷ್ಟು ಹೊತ್ತು ಎಂದು ಅಳೆಯಿರಿ (ಹೆಚ್ಚಿನ ಕಡೆ ಅದರ ವಿಳಾಸ 192.168.1.1). ಆಮೇಲೆ ಹೊರಗಿರುವ ಗೂಗಲ್ ಸರ್ವರ್ 8.8.8.8ಕ್ಕೆ ನೂರು ಸಲ. ರೂಟರಿನ ತನಕವೇ ಟೈಮ್ 2, 3, 180, 4, 250 ಎಂದು ಕುಣಿಯುತ್ತಿದ್ದರೆ ನಿಮ್ಮ ವೈಫೈ ಸರಿ ಇಲ್ಲ, ನೆಟ್ ಕಂಪನಿಯವರನ್ನು ಬೈದು ಪ್ರಯೋಜನ ಇಲ್ಲ. ರೂಟರ್ ತನಕ ಚೆನ್ನಾಗಿದ್ದು ಹೊರಗೆ ಕುಣಿದರೆ ಲೈನ್ ಅಥವಾ ಅದರ ಆಚೆ.

ಇನ್ನೊಂದು ಕಾರಣ ಅಪ್‌ಲೋಡ್. ಯಾರೋ ಒಬ್ಬರು ಹೋಮ್‌ಸ್ಟೇಯ ಫೋಟೋ, ವಿಡಿಯೋ ಎಲ್ಲವನ್ನೂ ಡ್ರೈವ್‌ಗೆ ಏರಿಸಲು ಹಾಕಿರುತ್ತಾರೆ, ಸಿಸಿ ಕ್ಯಾಮೆರಾವೂ ತನ್ನ ವಿಡಿಯೋವನ್ನು ಕ್ಲೌಡ್‌ಗೆ ಕಳಿಸುತ್ತಿರುತ್ತದೆ. ಮಾತು ಅವುಗಳ ಹಿಂದೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ರೂಟರ್‌ನಲ್ಲಿ ಕ್ಯೂಓಎಸ್ ಎಂಬ ಸೆಟ್ಟಿಂಗ್ ಇದ್ದರೆ ಮಾತಿಗೆ ಮೊದಲ ಸ್ಥಾನ ಕೊಡಿ. ಇಲ್ಲದಿದ್ದರೆ ಅಪ್‌ಲೋಡನ್ನು ರಾತ್ರಿಗೆ ಇಟ್ಟುಕೊಳ್ಳಿ.

ಅವರ ಮಾತು ನನಗೆ ಕೇಳುತ್ತದೆ, ನನ್ನದು ಅವರಿಗೆ ಕೇಳುವುದಿಲ್ಲ.

ಮೊದಲು ಮೈಕ್ ಮ್ಯೂಟ್ ಇದೆಯಾ ನೋಡಿ. ಹೆಡ್‌ಸೆಟ್ಟಿನ ವೈರ್ ಮೇಲೂ ಒಂದು ಮ್ಯೂಟ್ ಗುಂಡಿ ಇರುತ್ತದೆ, ಅದು ಜೇಬಿಗೋ ಮೇಜಿಗೋ ತಾಗಿ ಒತ್ತಿಹೋಗುತ್ತದೆ. ಆಮೇಲೆ ವಿಂಡೋಸ್‌ನ ಪ್ರೈವೆಸಿ ಸೆಟ್ಟಿಂಗ್‌ಗೆ ಹೋಗಿ ಆ್ಯಪ್‌ಗೆ ಮೈಕ್ ಬಳಸುವ ಅನುಮತಿ ಇದೆಯಾ ನೋಡಿ. ಅಪ್‌ಡೇಟ್ ಆದ ಮೇಲೆ ಇದು ಒಮ್ಮೊಮ್ಮೆ ಬದಲಾಗಿರುತ್ತದೆ.

ಮೈಕ್ ಸರಿ ಇದ್ದೂ ಹೀಗಾದರೆ ಅದು ಹೆಚ್ಚಾಗಿ ನ್ಯಾಟ್ ತೊಂದರೆ, ಅಂದರೆ ರೂಟರ್ ಒಳಗಿನ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವಲ್ಲಿ ಆಗುವ ಎಡವಟ್ಟು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿಮ್ಮ ಕಂಪ್ಯೂಟರಿಗೆ ರೂಟರ್ ಕೊಟ್ಟಿರುವ ವಿಳಾಸ 192.168ರಿಂದ ಶುರುವಾಗುತ್ತದೆ, ಅದು ಮನೆಯೊಳಗಿನ ವಿಳಾಸ. ಕಾಲ್ ಶುರುವಾಗುವಾಗ ಎರಡೂ ಕಡೆಯವರು "ಧ್ವನಿ ಇಲ್ಲಿಗೆ ಕಳಿಸಿ" ಎಂದು ವಿಳಾಸ ಹಂಚಿಕೊಳ್ಳುತ್ತಾರೆ. ನಿಮ್ಮ ಆ್ಯಪ್ ಆ ಒಳಗಿನ ವಿಳಾಸವನ್ನೇ ಕೊಟ್ಟುಬಿಟ್ಟರೆ, ಊರ ಹೆಸರು ಹೇಳದೆ "ಮೇಲಿನ ಕೇರಿ, ಮೂರನೇ ಮನೆ" ಎಂದಷ್ಟೇ ಬರೆದು ಕಾಗದ ಹಾಕಿದಂತೆ. ಅದು ತಲುಪುವುದಿಲ್ಲ. ಯಾರ ವಿಳಾಸ ತಪ್ಪಿದೆ ಎಂಬುದರ ಮೇಲೆ ಯಾವ ಕಡೆ ಮೌನ ಎಂಬುದು ನಿಂತಿರುತ್ತದೆ.

ಇದಕ್ಕೆ ಮದ್ದು ಮೂರು ಬಗೆ. ಆ್ಯಪ್‌ನಲ್ಲಿ ಸ್ಟನ್ ಎಂಬ ಸೆಟ್ಟಿಂಗ್ ಇದ್ದರೆ ಆನ್ ಮಾಡಿ, ಅದು ನಿಮ್ಮ ಹೊರಗಿನ ವಿಳಾಸ ಏನೆಂದು ಕೇಳಿ ತಿಳಿದುಕೊಳ್ಳುತ್ತದೆ. ಎರಡನೆಯದು, ರೂಟರ್ ಒಳಗೆ ಹೋಗಿ ಸಿಪ್ ಎಎಲ್‌ಜಿ ಆಫ್ ಮಾಡಿ. ಈ ಎಎಲ್‌ಜಿ ಸಹಾಯ ಮಾಡಲೆಂದೇ ಇಟ್ಟದ್ದು, ಕಾಲ್‌ನ ಒಳಗಿನ ವಿಳಾಸವನ್ನು ತಾನೇ ತಿದ್ದುತ್ತದೆ, ಆದರೆ ಬಹಳಷ್ಟು ಅಗ್ಗದ ರೂಟರ್‌ಗಳು ಅದನ್ನು ತಪ್ಪು ತಪ್ಪಾಗಿ ತಿದ್ದುತ್ತವೆ. ನನ್ನ ಅನುಭವದಲ್ಲಿ ಇದೊಂದನ್ನು ಆಫ್ ಮಾಡಿದ್ದಕ್ಕೇ ಎಷ್ಟೋ ಆಫೀಸುಗಳ ಫೋನ್ ಸರಿಯಾಗಿದೆ. ಮೂರನೆಯದು ಫೈರ್‌ವಾಲ್. ಅದರಲ್ಲಿ 5060 ಮಾತ್ರ ತೆರೆದರೆ ಸಾಲದು, ಅದು ಕಾಲ್ ಕೂಡಿಸುವುದಕ್ಕೆ ಮಾತ್ರ. ಧ್ವನಿ ಹೋಗುವುದು ಬೇರೆ ಯುಡಿಪಿ ಪೋರ್ಟ್‌ಗಳಲ್ಲಿ. ಆಸ್ಟರಿಸ್ಕ್ ಎಂಬ ಫೋನ್ ಸರ್ವರ್ ಆದರೆ ಸಾಮಾನ್ಯವಾಗಿ 10000ದಿಂದ 20000. ಮೈಕ್ರೋಸಾಫ್ಟ್ ಟೀಮ್ಸ್ ಬಳಸುವವರಿಗೆ ಯುಡಿಪಿ 3478ರಿಂದ 3481 ತೆರೆದಿರಬೇಕು.

ಒಂದು ಕಡೆ ನೆಟ್ ಹಾಕಿದವರ ರೂಟರ್ ಇತ್ತು, ಅದರ ಕೆಳಗೆ ಆಫೀಸಿನವರು ಇನ್ನೊಂದು ರೂಟರ್ ಹಾಕಿಕೊಂಡಿದ್ದರು. ಎರಡು ಸಲ ನ್ಯಾಟ್. ಎರಡನೆಯದನ್ನು ಬರೀ ವೈಫೈ ಕೊಡುವ ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿದ ಕೂಡಲೇ ಎರಡೂ ಕಡೆ ಮಾತು ಕೇಳಿತು. ನಿಮ್ಮಲ್ಲೂ ಎರಡು ಡಬ್ಬಿ ಇದ್ದರೆ ಇದನ್ನು ನೋಡಿ. ರೂಟರಿನ ಹೊರಗಿನ ವಿಳಾಸವೇ 100.64ರಿಂದ 100.127ರ ನಡುವೆ ಇದ್ದರೆ ನೆಟ್ ಕಂಪನಿಯೂ ತನ್ನ ಕಡೆ ಇನ್ನೊಂದು ನ್ಯಾಟ್ ಇಟ್ಟಿದೆ ಎಂದರ್ಥ. ಆಫೀಸಿನೊಳಗೇ ಸರ್ವರ್ ಇಟ್ಟವರು ಆಗ ಸ್ಟ್ಯಾಟಿಕ್ ಐಪಿ (ಬದಲಾಗದ ಹೊರಗಿನ ವಿಳಾಸ) ಕೇಳಲೇಬೇಕು.

ಪ್ರತಿ ಕಾಲ್ ಸರಿಯಾಗಿ ಅರ್ಧ ನಿಮಿಷಕ್ಕೆ ಕಟ್ ಆಗುತ್ತದೆ.

ಇದು ಕಾಕತಾಳೀಯ ಅಲ್ಲ. ಆ ಕಡೆಯವರು ಫೋನ್ ಎತ್ತಿದಾಗ "ಎತ್ತಿದರು" ಎಂಬ ಸುದ್ದಿ ಬರುತ್ತದೆ, ಅದಕ್ಕೆ ಈ ಕಡೆಯಿಂದ "ಗೊತ್ತಾಯಿತು" ಎಂಬ ಉತ್ತರ ಹೋಗಬೇಕು. ಅದು ತಲುಪದಿದ್ದರೆ ಆ ಕಡೆಯ ಯಂತ್ರ ಮತ್ತೆ ಮತ್ತೆ ಸುದ್ದಿ ಕಳಿಸಿ, 32 ಸೆಕೆಂಡ್ ಕಾದು, ಕಾಲ್ ಕಡಿದುಬಿಡುತ್ತದೆ. ಸಿಪ್ ನಿಯಮದಲ್ಲೇ ಇರುವ ಲೆಕ್ಕ ಅದು. ಕಾರಣ ಮೇಲಿನದೇ: ಸಿಪ್ ಎಎಲ್‌ಜಿ ಅಥವಾ ನ್ಯಾಟ್. ವಾಚ್ ಹಿಡಿದು ನೋಡಿ, 30ರಿಂದ 32ರಲ್ಲಿ ಕಟ್ ಆದರೆ ಲೈನ್‌ನವರನ್ನು ಕರೆಸುವ ಅಗತ್ಯವೇ ಇಲ್ಲ.

ಮೊಬೈಲ್ ಆ್ಯಪ್‌ನಿಂದ ಕಾಲ್ ಹೋಗುತ್ತದೆ, ಬರುವಾಗ ರಿಂಗ್ ಆಗುವುದಿಲ್ಲ.

ಬ್ಯಾಟರಿ ಉಳಿಸಲು ಆಂಡ್ರಾಯ್ಡ್ ಆ ಆ್ಯಪನ್ನು ಮಲಗಿಸಿಬಿಟ್ಟಿದೆ. ಸೆಟ್ಟಿಂಗ್‌ನಲ್ಲಿ ಆ ಆ್ಯಪ್‌ನ ಬ್ಯಾಟರಿ ವಿಭಾಗಕ್ಕೆ ಹೋಗಿ ನಿರ್ಬಂಧ ತೆಗೆಯಿರಿ, ನೋಟಿಫಿಕೇಶನ್ ಆನ್ ಇಡಿ, ಡೇಟಾ ಸೇವರ್ ಇದ್ದರೆ ಅದರಿಂದಲೂ ಹೊರಗಿಡಿ. ಕೆಲವು ಫೋನ್‌ಗಳಲ್ಲಿ ಆಟೋಸ್ಟಾರ್ಟ್ ಎಂಬ ಬೇರೆಯದೇ ಗುಂಡಿ ಇರುತ್ತದೆ, ಅದನ್ನೂ ಒತ್ತಬೇಕು.

ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಹಾಡು ಚೆನ್ನಾಗಿ ಕೇಳುತ್ತದೆ, ಕಾಲ್ ಮಾತ್ರ ಡಬ್ಬಿಯೊಳಗಿಂದ ಬಂದ ಹಾಗೆ.

ಹಾಡು ಕೇಳುವಾಗ ಬ್ಲೂಟೂತ್ ಒಂದೇ ದಿಕ್ಕಿನಲ್ಲಿ ಒಳ್ಳೆಯ ಧ್ವನಿ ಕಳಿಸುತ್ತದೆ. ಮೈಕ್ ಆನ್ ಆದ ತಕ್ಷಣ ಅದು ಮಾತಿನ ಮೋಡ್‌ಗೆ ಇಳಿಯುತ್ತದೆ, ಧ್ವನಿ ಸಪೂರ ಆಗುತ್ತದೆ. ಹೆಡ್‌ಸೆಟ್ ಕೆಟ್ಟಿಲ್ಲ, ಅದರ ಗುಣವೇ ಅದು. ದಿನವಿಡೀ ಕಾಲ್ ಮಾಡುವ ಕೆಲಸ ಇದ್ದರೆ ಯುಎಸ್‌ಬಿ ವೈರಿನ ಹೆಡ್‌ಸೆಟ್ಟೇ ಒಳ್ಳೆಯದು, ಅಗ್ಗವೂ ಹೌದು.

ನನ್ನ ಧ್ವನಿಯೇ ನನಗೆ ತಿರುಗಿ ಕೇಳುತ್ತದೆ.

ತೊಂದರೆ ನಿಮ್ಮ ಕಡೆ ಅಲ್ಲ, ಆ ಕಡೆಯವರ ಕಡೆ. ಅವರ ಸ್ಪೀಕರ್‌ನಿಂದ ಬಂದ ನಿಮ್ಮ ಮಾತು ಅವರ ಮೈಕ್‌ಗೆ ಹೊಕ್ಕು ವಾಪಸ್ ಬರುತ್ತಿದೆ. ಅವರಿಗೆ ಹೆಡ್‌ಸೆಟ್ ಹಾಕಲು ಹೇಳಿ.

ರೂಟರ್ ಜಗಲಿಯಲ್ಲಿದೆ, ನಾನು ಕೂರುವುದು ಮೆತ್ತಿನ ಮೇಲಿನ ಕೋಣೆಯಲ್ಲಿ. ಸಿಗ್ನಲ್ ಎರಡೇ ಕಡ್ಡಿ.

ನಮ್ಮ ಕಡೆಯ ಹಳೆಯ ಮನೆಗಳು ವೈಫೈಗೆ ಕಷ್ಟ. ಚಿರೆಕಲ್ಲಿನ ಗೋಡೆ ದಪ್ಪ, ಮಳೆಗಾಲದಲ್ಲಿ ಅದು ನೀರು ಕುಡಿದು ಇನ್ನೂ ಗಟ್ಟಿ ತಡೆಯಾಗುತ್ತದೆ. ಆಚೆ ಈಚೆ ಎರಡು ಗೋಡೆ ಬಂದರೆ 5 ಗಿಗಾಹರ್ಟ್ಸ್ ಸಿಗ್ನಲ್ ಸತ್ತೇಹೋಗುತ್ತದೆ. 2.4 ದೂರ ಹೋಗುತ್ತದೆ, ಆದರೆ ಪೇಟೆಯ ಕಟ್ಟಡಗಳಲ್ಲಿ ಅದರ ಮೇಲೆ ಎಲ್ಲರದ್ದೂ ಗಲಾಟೆ. ಅಲ್ಲಿ 1, 6, 11 ಈ ಮೂರು ಚಾನೆಲ್‌ಗಳಲ್ಲಿ ಯಾವುದು ಖಾಲಿಯೋ ಅದಕ್ಕೆ ಹಾಕಿ.

ರಿಪೀಟರ್ ಕೊಂಡು ಅರ್ಧ ದಾರಿಯಲ್ಲಿ ಚುಚ್ಚುವವರು ಜಾಸ್ತಿ. ವಿಡಿಯೋ ನೋಡಲು ಅದು ಸಾಕು, ಮಾತಿಗೆ ನಾನು ಅದನ್ನು ಹೇಳುವುದಿಲ್ಲ. ಕೇಳಿದ್ದನ್ನೇ ಇನ್ನೊಮ್ಮೆ ಕೂಗಿ ಹೇಳುವ ಕೆಲಸ ಅದರದ್ದು, ತಡವೂ ಏರಿಳಿತವೂ ಹೆಚ್ಚುತ್ತದೆ. ಒಂದು ಲ್ಯಾನ್ ವೈರ್ ಎಳೆಯಿರಿ. 100 ಮೀಟರ್ ತನಕ ಆರಾಮಾಗಿ ಹೋಗುತ್ತದೆ. ಅಂಗಳ ದಾಟಿಸುವುದಾದರೆ ಹೊರಗೆ ಹಾಕುವಂಥದ್ದೇ ಕಪ್ಪು ವೈರ್ ತನ್ನಿ, ಪೈಪ್ ಒಳಗೆ ಹಾಕಿ. ಇಲಿ, ಅಳಿಲು ಎರಡೂ ಬಿಡುವುದಿಲ್ಲ.

ಮಳೆಗಾಲ ಶುರುವಾದ ಕೂಡಲೇ ಎಲ್ಲ ಹಾಳು. ಏನಾದರೂ ಉಪಾಯ ಇದೆಯಾ?

ಇದೆ. ಇದೊಂದರ ಬಗ್ಗೆ ಜೂನ್‌ಗೆ ಮೊದಲೇ ಕೆಲಸ ಮಾಡಿಡಬೇಕು.

ಕರೆಂಟ್ ಮೊದಲನೆಯದು. ಇನ್ವರ್ಟರ್ ಇದ್ದರೂ ಕರೆಂಟ್ ಹೋದ ಗಳಿಗೆಯಲ್ಲಿ ಕೆಲವು ರೂಟರ್‌ಗಳು ಆಫ್ ಆಗಿ ಆನ್ ಆಗುತ್ತವೆ, ಮತ್ತೆ ಲೈನ್ ಹಿಡಿಯಲು ಎರಡು ಮೂರು ನಿಮಿಷ. ಅಷ್ಟರಲ್ಲಿ ಕಾಲ್ ಹೋಯಿತು. ರೂಟರ್‌ಗೆಂದೇ ಬರುವ ಚಿಕ್ಕ ಡಿಸಿ ಯುಪಿಎಸ್ ಹಾಕಿ. ಕೊಳ್ಳುವ ಮೊದಲು ಅಡಾಪ್ಟರ್ ಮೇಲೆ ಬರೆದದ್ದು ಓದಿ, ಹೆಚ್ಚಿನವು 12 ವೋಲ್ಟ್, ಆದರೆ 9 ಮತ್ತು 5ರವೂ ಇವೆ. ತಪ್ಪು ಹಾಕಿದರೆ ರೂಟರ್ ಸುಟ್ಟೀತು.

ಸಿಡಿಲು ಎರಡನೆಯದು. ಫೈಬರ್ ಗಾಜಿನ ಎಳೆ, ಅದರೊಳಗೆ ಕರೆಂಟ್ ಹರಿಯುವುದಿಲ್ಲ ಎಂದು ಜನ ಧೈರ್ಯವಾಗಿರುತ್ತಾರೆ. ಆದರೆ ಸಿಡಿಲಿನ ಹೊಡೆತ ಬರುವುದು ಅಡಾಪ್ಟರ್ ಮೂಲಕ, ತಾಮ್ರದ ಲ್ಯಾನ್ ವೈರ್ ಮೂಲಕ. ಮೇ ತಿಂಗಳ ಮಳೆ, ಅಕ್ಟೋಬರ್ ಮಳೆ, ಎರಡಕ್ಕೂ ಗುಡುಗು ಜೋರು. ರಾತ್ರಿ ಆಫೀಸು ಮುಚ್ಚುವಾಗ ಅಡಾಪ್ಟರ್, ಲ್ಯಾನ್ ವೈರ್ ಎರಡನ್ನೂ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಲೈನ್ ಮೂರನೆಯದು. ನಮ್ಮಲ್ಲಿ ಫೈಬರ್ ಕಂಬದಿಂದ ಕಂಬಕ್ಕೆ, ಮರದ ನಡುವೆ ನೇತಾಡಿಕೊಂಡು ಬರುತ್ತದೆ. ಟೊಂಗೆ ಬಿದ್ದು ಪೂರ್ತಿ ಕಡಿದರೆ ರೂಟರ್ ಪೆಟ್ಟಿಗೆಯಲ್ಲಿ ಎಲ್‌ಓಎಸ್ ದೀಪ ಕೆಂಪಾಗುತ್ತದೆ, ಆಗ ನೀವು ಮಾಡುವುದೇನೂ ಇಲ್ಲ, ದೂರು ಕೊಡಿ. ಕಷ್ಟ ಇರುವುದು ಅರ್ಧ ಬಾಗಿದ ಲೈನಿನಲ್ಲಿ. ನೆಟ್ ಇದೆ, ಮಾತು ಮಾತ್ರ ಕಡಿಯುತ್ತದೆ. ರೂಟರ್ ಸೆಟ್ಟಿಂಗ್ ಒಳಗೆ ಆಪ್ಟಿಕಲ್ ಪವರ್ (ಫೈಬರಿನಲ್ಲಿ ಬರುವ ಬೆಳಕಿನ ಬಲ) ಎಂಬ ಪುಟ ಇರುತ್ತದೆ. ಅಲ್ಲಿ -20ರ ಆಸುಪಾಸು ಇದ್ದರೆ ಚೆನ್ನಾಗಿದೆ, -27ರ ಹತ್ತಿರ ಹೋದರೆ ಲೈನ್ ಸೋತಿದೆ. ಬೇಸಿಗೆಯಲ್ಲೇ ಆ ಅಂಕಿ ಬರೆದಿಟ್ಟುಕೊಳ್ಳಿ, ಮಳೆಗಾಲದ ಅಂಕಿ ಪಕ್ಕದಲ್ಲಿಟ್ಟು ತೋರಿಸಿದರೆ ಲೈನ್‌ನವರು ಸುಮ್ನೆ ರೀಸ್ಟಾರ್ಟ್ ಮಾಡಿ ಎಂದು ಹೇಳಿ ಹೋಗಲಾರರು.

ಕಾರವಾರ, ಅಂಕೋಲಾ, ಗೋಕರ್ಣದ ಸಮುದ್ರದ ಬದಿಯವರಿಗೆ ಉಪ್ಪು ಗಾಳಿ ಬೇರೆ. ಲ್ಯಾನ್ ವೈರಿನ ತುದಿಯ ಪಿನ್ನುಗಳು ಹಸಿರು ಹಿಡಿಯುತ್ತವೆ. ಕಾಲ್ ಮಧ್ಯೆ ಮಧ್ಯೆ ಬಿಟ್ಟು ಹೋಗುತ್ತಿದ್ದರೆ ತುದಿ ಕಿತ್ತು ಬೆಳಕಿಗೆ ಹಿಡಿದು ನೋಡಿ. ಬಣ್ಣ ಬದಲಾಗಿದ್ದರೆ ಕತ್ತರಿಸಿ ಹೊಸ ತುದಿ ಹಾಕಿಸಿ.

ಫೈಬರ್ ಹೋದಾಗ ಮೊಬೈಲ್ ಡೇಟಾದಲ್ಲಿ ನಡೆಸಬಹುದಾ?

ಬರೀ ಮಾತಿಗೆ ಧಾರಾಳವಾಗಿ. ಜಿ.711ರಲ್ಲಿ ಒಂದು ಗಂಟೆ ಮಾತಾಡಿದರೆ ಎರಡೂ ದಿಕ್ಕು ಸೇರಿ ಸುಮಾರು 78 ಎಂಬಿ, ಜಿ.729ರಲ್ಲಿ 28ರ ಹತ್ತಿರ. ಸಿಗ್ನಲ್ ಸೋತ ಊರಲ್ಲಿ ಎರಡನೆಯದನ್ನೇ ಆರಿಸಿಕೊಳ್ಳಿ. ಮೀಟಿಂಗ್‌ನಲ್ಲಿ ವಿಡಿಯೋ ಆಫ್ ಮಾಡಿ, ಬಾಸ್ ಏನೂ ಅಂದುಕೊಳ್ಳುವುದಿಲ್ಲ, ಮಾತು ಕೇಳಿದರೆ ಸಾಕು ಅವರಿಗೆ. ಶಿರಸಿಯವರಿಗೆ ಒಂದು ಎಚ್ಚರಿಕೆ: ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯಲ್ಲಿ ಪೇಟೆಯ ಟವರ್‌ಗಳ ಮೇಲೆ ಅಷ್ಟು ಜನರ ಭಾರ ಬೀಳುತ್ತದೆ, ಆ ದಿನಗಳಲ್ಲಿ ಮೊಬೈಲ್ ಡೇಟಾ ನೆಚ್ಚಿಕೊಂಡು ಮುಖ್ಯ ಮೀಟಿಂಗ್ ಇಟ್ಟುಕೊಳ್ಳಬೇಡಿ. ಗೋಕರ್ಣದ ಶಿವರಾತ್ರಿಗೂ ಇದೇ ಮಾತು.

ಕಂಪನಿಯ ವಿಪಿಎನ್ (ಕಂಪನಿಯ ನೆಟ್‌ವರ್ಕಿಗೆ ಹೋಗುವ ಗುಟ್ಟಿನ ದಾರಿ) ಹಾಕಿದರೆ ಮಾತ್ರ ಕಾಲ್ ಹಾಳಾಗುತ್ತದೆ.

ಕುಮಟಾದಿಂದ ಹೊರಟ ನಿಮ್ಮ ಮಾತು ಕಂಪನಿಯ ಸರ್ವರ್ ಇರುವ ಊರಿಗೆ ಸುತ್ತಿ ಬರುತ್ತಿದೆ, ಅದು ಅಮೆರಿಕದಲ್ಲಿದ್ದರೆ ಅಲ್ಲಿಗೂ ಹೋಗಿ ಬರುತ್ತದೆ. ಕಾಲ್ ಆ್ಯಪನ್ನು ವಿಪಿಎನ್ ಹೊರಗಿಡಲು ಸ್ಪ್ಲಿಟ್ ಟನಲ್ ಎಂಬ ಏರ್ಪಾಡು ಇದೆ. ಅದನ್ನು ನೀವೇ ಮಾಡಬೇಡಿ, ಕಂಪನಿಯ ಐಟಿಯವರಿಗೆ ಬರೆಯಿರಿ.

ಸ್ಕೈಪ್ ತೆರೆಯುತ್ತಲೇ ಇಲ್ಲ.

ಅದು 2025ರ ಮೇ 5ಕ್ಕೆ ನಿಂತುಹೋಯಿತು. ಅದೇ ಖಾತೆಯಿಂದ ಟೀಮ್ಸ್‌ಗೆ ಲಾಗಿನ್ ಆಗಿ.

ಆಫೀಸಲ್ಲಿ ನೆಟ್ ಫೋನ್ ಒಂದೇ ಇದ್ದರೆ ಸಾಕಲ್ವಾ?

ಸಾಲದು. ದಯವಿಟ್ಟು ಒಂದು ಸಾದಾ ಮೊಬೈಲ್ ಚಾರ್ಜ್ ಮಾಡಿ ಎಲ್ಲರಿಗೂ ಕಾಣುವ ಹಾಗೆ ಇಡಿ. ಕರೆಂಟ್, ನೆಟ್ ಎರಡೂ ಹೋದಾಗ ನೆಟ್ ಫೋನ್ ಇಲ್ಲ. ಎಷ್ಟೋ ಆ್ಯಪ್‌ಗಳಿಂದ ತುರ್ತು ನಂಬರ್ 112ಕ್ಕೆ ಕಾಲ್ ಹೋಗುವುದೇ ಇಲ್ಲ. ಯಾರಿಗಾದರೂ ಎದೆನೋವು ಬಂದ ಹೊತ್ತಿಗೆ ಇದು ಗೊತ್ತಾಗಬಾರದು. ಒಳಗೆ ಟವರ್ ಸಿಗದ ಜಾಗವಾದರೆ ಮೊಬೈಲ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಏರ್‌ಟೆಲ್, ಜಿಯೋ ಎರಡರಲ್ಲೂ ಅದು ಇದೆ, ನೆಟ್ ಇರುವ ತನಕ ನಿಮ್ಮ ಮಾಮೂಲಿ ನಂಬರೇ ಅದರಲ್ಲಿ ನಡೆಯುತ್ತದೆ.

ಎಲ್ಲ ಮಾಡಿ ನೋಡಿದೆ, ಆಗಲಿಲ್ಲ. ದೂರು ಕೊಡುವಾಗ ಏನು ಹೇಳಲಿ?

"ಫೋನ್ ಸರಿ ಇಲ್ಲ" ಎಂದಷ್ಟೇ ಬರೆದರೆ ಆ ಕಡೆಯವರು ನಿಮ್ಮನ್ನು ಮತ್ತೆ ಮೊದಲಿನಿಂದ ಶುರು ಮಾಡಿಸುತ್ತಾರೆ. ಕೆಟ್ಟ ಕಾಲ್‌ನ ತಾರೀಖು, ಗಂಟೆ ನಿಮಿಷ, ಯಾವ ನಂಬರಿನಿಂದ ಯಾವ ನಂಬರಿಗೆ, ಯಾರ ಮಾತು ಯಾರಿಗೆ ಕೇಳಲಿಲ್ಲ, ಎಷ್ಟು ಸೆಕೆಂಡಿಗೆ ಕಟ್ ಆಯಿತು, ವೈರ್‌ನಲ್ಲಿತ್ತಾ ವೈಫೈಯಲ್ಲಾ, ಹಾಟ್‌ಸ್ಪಾಟ್‌ನಲ್ಲಿ ಹಾಕಿದಾಗ ಏನಾಯಿತು, ಇಷ್ಟು ಬರೆಯಿರಿ. ಪಿಂಗ್ ಮಾಡಿದ ಪರದೆಯ ಫೋಟೋ, ಆಪ್ಟಿಕಲ್ ಪವರ್ ಪುಟದ ಫೋಟೋ ಜೊತೆಗಿಡಿ. ಸರ್ವರ್‌ನವರು ಆ ನಿಮಿಷದ ಲಾಗ್ ತೆಗೆದು ನೋಡಬಲ್ಲರು, ಆದರೆ ಹಳೆಯ ಲಾಗ್ ಅಳಿಸಿಹೋಗುತ್ತಿರುತ್ತದೆ, ಹಾಗಾಗಿ ಅದೇ ದಿನ ಬರೆಯಿರಿ. ಪಾಸ್‌ವರ್ಡ್ ಮಾತ್ರ ಯಾರು ಕೇಳಿದರೂ ಬರೆದು ಕಳಿಸಬೇಡಿ.